ತಿರುಗಿಸಿದಾಗ ಮಾತ್ರ ಬರುವ ಸದ್ದು

ನನ್ನ ಗಂಡ ವರ್ಲಿನ್‌ಗೆ ಕೇಳಿಸದಿದ್ದರೆ ಆ ಸದ್ದು ಈ ಲೋಕದಲ್ಲೇ ಇಲ್ಲ. ಹಿಮ ಕರಗಿದಾಗಿನಿಂದ ನನ್ನ ಗಾಡಿ ನರಳುತ್ತಿತ್ತು. ಸುತ್ತಲಿನ ತೋಟದ ಮನೆಗಳಿಗೆ ಟಪಾಲು ಹಂಚುವವಳು ನಾನು. ಪ್ರತಿ ಟಪಾಲು ಡಬ್ಬಿಯ ಮುಂದೆಯೂ ನಿಧಾನಿಸಬೇಕು, ತಿರುಗಿಸಬೇಕು. ತಿರುಗಿಸಿದಾಗಲೆಲ್ಲ ಹಿಂದಿನಿಂದ ಗೊರಗೊರ ಸದ್ದು, ಕೂತ ಸೀಟೂ ನಡುಗುತ್ತಿತ್ತು. ನೆಟ್ಟಗೆ ಓಡಿಸಿದರೆ ಏನೂ ಇಲ್ಲ.

ವರ್ಲಿನ್ ನಮ್ಮ ಅಂಗಳದ ಜಲ್ಲಿಯ ಮೇಲೊಂದು ಸುತ್ತು ಹೊಡೆದ, ಹೆದ್ದಾರಿಯಲ್ಲಿ ನೆಟ್ಟಗೆ ಹೋಗಿ ಬಂದ, ಕೀಲಿ ಎಸೆದ.

"ಏನೂ ಇಲ್ಲ ಕಣೇ. ನಿಮ್ಮಮ್ಮಂಗೂ ಹಿಂಗೇ ಶುರುವಾಗಿದ್ದು."

ಅಮ್ಮ ಕೊನೆಗಾಲದಲ್ಲಿ ಗೋಡೆಯೊಳಗೆ ಯಾರೋ ಮಾತಾಡುತ್ತಾರೆ ಎನ್ನುತ್ತಿದ್ದಳು. ಆಮೇಲೆ ನನ್ನ ಹೆಸರನ್ನೂ ಮರೆತಳು. ಇಷ್ಟು ಹೇಳಿ ಇವನು ಹಾಯಾಗಿ ಊಟಕ್ಕೆ ಕೂತ. ನನಗೆ ಮೈಯೆಲ್ಲ ಉರಿಯಿತು. ತಲೆ ಕೆಟ್ಟವಳ ಕೈಗೆ ಊರಿನ ಟಪಾಲು ಯಾರು ಕೊಡುತ್ತಾರೆ? ಆ ಕೆಲಸ ಹೋದರೆ ದಿನವಿಡೀ ಇವನ ಮುಖ ನೋಡಿಕೊಂಡಿರಬೇಕು.

ನಮ್ಮ ಕಡೆ ಗಂಡಸು ತನ್ನ ಗಾಡಿಯನ್ನು ರಿಪೇರಿ ಅಂಗಡಿಗೆ ಬಿಟ್ಟರೆ ಮಾನ ಹೋಯಿತೆಂದೇ ಲೆಕ್ಕ. ತಿರುವಿನಲ್ಲಿ ಹಿಂದಿನ ಎರಡು ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ಓಡಲು ಬಿಡುವ ಹಲ್ಲುಚಕ್ರದ ಪೆಟ್ಟಿಗೆಯ, ಅಂದರೆ ಡಿಫರೆನ್ಷಿಯಲ್‌ನ ಎಣ್ಣೆಯನ್ನು ಈ ವಸಂತದಲ್ಲಿ ಇವನೇ ಬದಲಿಸಿದ್ದ. ಸದ್ದು ಶುರುವಾದದ್ದು ಅದರ ಮಾರನೇ ದಿನ. ನಾನು ಶೆಡ್ಡಿಗೆ ಹೋಗಿ ಹುಡುಕಿದೆ. ಒಳಗಿನ ಉಜ್ಜಾಟ ತಡೆಯಲು ಎಣ್ಣೆಯ ಜೊತೆ ಬೆರೆಸಬೇಕಾದ ದ್ರವದ ಪುಟ್ಟ ಬಾಟಲಿ ಮುಚ್ಚಳ ಕೂಡ ತೆಗೆಯದೆ ಬಿದ್ದಿತ್ತು.

"ಇದನ್ನ ಯಾಕೆ ಹಾಕ್ಲಿಲ್ಲ?"

"ಅದೆಲ್ಲ ಅಂಗಡಿಯೋರ ಆಟ. ಎಣ್ಣೆ ಅಂದ್ರೆ ಎಣ್ಣೆ."

ನಾನು ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡೆ. ಭಾನುವಾರ ಪ್ರಾರ್ಥನೆ ಮುಗಿದು ಜನ ಕಾಫಿ ಹಿಡಿದು ಚರ್ಚಿನ ಹೊರಗೆ ನಿಂತಿದ್ದಾಗ, ವರ್ಲಿನ್‌ನನ್ನು ಗಾಡಿಯಲ್ಲಿ ನನ್ನ ಪಕ್ಕ ಕೂರಿಸಿಕೊಂಡೆ. ಅಲ್ಲಿನದು ಒಣ ಡಾಂಬರು. ಜಲ್ಲಿಯಾದರೆ ಚಕ್ರ ಜಾರಿ ಸದ್ದು ಅಡಗುತ್ತದೆ, ಡಾಂಬರು ಹಾಗೆ ಬಿಡುವುದಿಲ್ಲ. ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿ ನಡಿಗೆಯ ವೇಗದಲ್ಲಿ ಬಿಟ್ಟೆ. ಗಾಡಿ ಗೊರ್ ಎಂದು ಅರಚಿತು. ಕಾಫಿ ಕುಡಿಯುತ್ತಿದ್ದವರೆಲ್ಲ ತಿರುಗಿದರು.

"ಕೇಳಿಸ್ತಾ?"

ವರ್ಲಿನ್ ಕಿಟಕಿಯ ಗಾಜು ಏರಿಸಿದ. ನಾನು ಬಾಟಲಿಯನ್ನು ಅವನ ಮಡಿಲಿಗೆ ಹಾಕಿದೆ. ಚರ್ಚಿನ ಕೋಟಿನಲ್ಲೇ ಗಾಡಿಯಡಿ ನುಗ್ಗಿದ, ಸ್ವಲ್ಪ ಎಣ್ಣೆ ತೆಗೆದು ಬಾಟಲಿಯಲ್ಲಿದ್ದದ್ದನ್ನು ಸುರಿದ. ಮುದುಕ ಆರ್ವಿಡ್ ಬಗ್ಗಿ ನೋಡಿ, "ಏನಯ್ಯಾ, ಅಲ್ಲೂ ಪ್ರಾರ್ಥನೆನಾ?" ಅಂದ. ಎಲ್ಲರೂ ನಕ್ಕರು. ಅವನನ್ನು ಮತ್ತೆ ಹತ್ತಿಸಿಕೊಂಡು ನಾನು ಎಂಟಿನ ಆಕಾರದಲ್ಲಿ ಎಡಕ್ಕೂ ಬಲಕ್ಕೂ ಸುತ್ತು ಹಾಕುತ್ತ ಹೋದೆ. ಸದ್ದು ಕಡಿಮೆಯಾಗುತ್ತಾ ಬಂದು ನಿಂತೇಹೋಯಿತು.

"ಮಗಳ ಹತ್ರಾನೂ ನಂಗೆ ಭ್ರಮೆ ಅಂದಿದ್ಯಲ್ಲ, ಈಗ ಅವಳಿಗೆ ಫೋನ್ ಮಾಡು. ಅಮ್ಮಂಗೆ ಕೇಳಿಸಿದ್ದು ನಿಜ ಅಂತ ನಿನ್ನ ಬಾಯಿಂದಲೇ ಹೇಳು."

ಅವನು ಮಾಡಿದ. ಹೇಳಿದ. ಸೋಲ್ವೈಗ್‌ಳ ದನಿ, ನಮ್ಮ ಮಗಳದು, ಫೋನಿನಿಂದ ಗಾಡಿಯ ತುಂಬ ಕೇಳಿಸಿತು.

"ಹಂಗಾದ್ರೆ ಮಂಗಳವಾರ ಅಮ್ಮನ್ನ ತಲೆ ಡಾಕ್ಟರ್ ಹತ್ರ ಕರ್ಕೊಂಡು ಹೋಗೋದು ಬೇಡ್ವಾ? ಅಪ್ಪಾ, ಟಪಾಲು ಕಚೇರಿಯೋರಿಗೂ ಹೇಳ್ಬಿಟ್ಟಿದ್ಯಲ್ಲ, ಅವಳ ಜಾಗಕ್ಕೆ ಬೇರೆಯೋರನ್ನ ನೋಡ್ಕೊಳಿ ಅಂತ?"

ವರ್ಲಿನ್ ಗಬಕ್ಕನೆ ಫೋನನ್ನು ಕಿವಿಗೆ ಒತ್ತಿಕೊಂಡ.

ನಾನು ಗಾಡಿ ನಿಲ್ಲಿಸಿದೆ. "ಇಳಿ."

"ಆರ್ಡಿಸ್, ಮನೇಲಿ ಮಾತಾಡೋಣ ಕಣೇ, ಜನ ನೋಡ್ತಿದಾರೆ."

"ನೋಡ್ಲಿ, ಇಳಿ. ನಾಳೆ ಬೆಳಿಗ್ಗೆ ಟಪಾಲು ಕಚೇರಿಗೆ ಬಂದು, ಇವಳ ತಲೆ ಸರಿಯಾಗಿದೆ, ನಾನೇ ಸುಳ್ಳು ಹೇಳಿದ್ದು ಅಂತ ಎಲ್ಲರ ಮುಂದೆ ಹೇಳು. ಅಲ್ಲಿವರೆಗೂ ಎಲ್ಲಿ ಮಲಗ್ತೀಯೋ ಮಲಗು."