ಹೇಸರಗತ್ತೆಯ ಕಣ್ಣು

ಇಟ್ಟಿಗೆ ಸುಡುವ ಗೂಡು ತೆರೆಯುವ ದಿನ ಬೆಳಿಗ್ಗೆ ಏಳಕ್ಕೇ ಜಸೀಂತಾ ಕಾರ್ಖಾನೆಯ ಅಂಗಳಕ್ಕೆ ಬಂದುಬಿಟ್ಟಳು. ಅವಳು ಎವೊರಾ ನಗರದ ಶಿಲ್ಪಿ. ಅಲ್ಲಿನ ಮಾರುಕಟ್ಟೆಯ ಗೋಡೆಗೆ ಇಟ್ಟಿಗೆ ಆರಿಸಲೆಂದು ತಿಂಗಳ ಹಿಂದೆ ಇಲ್ಲಿಗೆ ಬಂದಿದ್ದವಳು, ಬಿಸಿಲಲ್ಲಿ ಸಾಲಾಗಿ ಆರುತ್ತಿದ್ದ ಹಸಿ ಇಟ್ಟಿಗೆಗಳನ್ನು ಕಂಡದ್ದೇ ಬಂದ ಕೆಲಸವನ್ನು ಮರೆತಿದ್ದಳು. ತೊಂಬತ್ತಾರು ಹಸಿ ಇಟ್ಟಿಗೆಗಳನ್ನು ಗೋಡೆಯಂತೆ ಪೇರಿಸಿ, ಈ ಅಂಗಳದಲ್ಲಿ ಹದಿನೆಂಟು ವರ್ಷ ಮಣ್ಣು ತುಳಿದು ಸತ್ತ ಹೇಸರಗತ್ತೆಯನ್ನು ಫೋಟೊ ನೋಡಿ ಅದರ ಮೇಲೆ ಕೆತ್ತಿದ್ದಳು. ಆಮೇಲೆ ಒಂದೊಂದರ ಬೆನ್ನಿಗೂ ಸಂಖ್ಯೆ ಗೀಚಿ ಸುಡಲು ಗೂಡಿಗಿಟ್ಟಿದ್ದರು.

ಅವಳು ಕೆತ್ತುವಾಗ ಕಾರ್ಖಾನೆಯ ಯಜಮಾನ ವೆನಾನ್ಸಿಯೊ ಪಕ್ಕದಲ್ಲೇ ನಿಂತು ನೋಡಿದ್ದ. ಅಜ್ಜನ ಕಾಲದಿಂದ ಅವರದು ಇದೇ ಕಸುಬು.

"ಕಣ್ಣು ಆಳ ಆಯ್ತು ತಾಯಿ. ಬೆಂಕಿಗೆ ಸಿಡಿಯುತ್ತೆ."

"ಆಳ ಇಲ್ದಿದ್ರೆ ನೆರಳು ಬೀಳಲ್ಲ ಮೇಸ್ತ್ರಿ."

"ನಿಮ್ಮಿಷ್ಟ. ಆದ್ರೆ ನೀವು ಕೆತ್ತಿರೋದು ಸಾಧುಪ್ರಾಣಿ. ನಮ್ದು ಒದೀತಿತ್ತು."

ಈಗ ವೆನಾನ್ಸಿಯೊನ ಅಕ್ಕ ಫೆಲಿಸ್ಮಿನಾ ಗೂಡಿನ ಬಾಯಿಗೆ ಮೆತ್ತಿದ್ದ ಮಣ್ಣನ್ನು ಹಾರೆಯಿಂದ ಒಡೆದಳು. ಮುಖಕ್ಕೆ ಬಿಸಿಗಾಳಿ ರಾಚಿತು. ಕೈಯಿಂದ ಕೈಗೆ ಇಟ್ಟಿಗೆ ಸಾಗತೊಡಗಿತು. ಕೈಗವಸು ಹಾಕಿಕೊಳ್ಳುವಷ್ಟೂ ತಾಳ್ಮೆಯಿಲ್ಲದೆ ಜಸೀಂತಾ ಇಟ್ಟಿಗೆಯ ಬೆನ್ನಿನ ಸಂಖ್ಯೆ ನೋಡಿ ಒಂದೊಂದನ್ನೇ ನೆಲದ ಮೇಲೆ ಜೋಡಿಸಿದಳು. ಕಾಲು ಬಂತು, ಬಾಲ ಬಂತು. ಬೆಂಕಿಯ ಹತ್ತಿರವಿದ್ದವು ಕಪ್ಪುಬೆಲ್ಲದ ಬಣ್ಣಕ್ಕೆ ತಿರುಗಿದ್ದವು. ದುಡಿದು ಬಂದ ಪ್ರಾಣಿಯ ಬೆವರಿನಂತೆ ಹೊಟ್ಟೆಯ ಮೇಲೆ ಕಲೆಗಳೆದ್ದಿದ್ದವು. ಅವಳು ಯೋಚಿಸಿಯೂ ಇರದ ಬಣ್ಣವದು.

ಮೂವತ್ತೊಂದನೆಯದು ಮೂರು ತುಂಡಾಗಿ ಹೊರಬಂತು. ಅದೇ ಕಣ್ಣಿನ ಇಟ್ಟಿಗೆ. ಅವಳು ತುಂಡುಗಳನ್ನು ಹಿಡಿದು ಅಲ್ಲೇ ಕುಕ್ಕರಿಸಿದಳು.

ವೆನಾನ್ಸಿಯೊ ಗೂಡಿನೊಳಗೆ ನುಗ್ಗಿ, ಟೋಪಿಯಲ್ಲಿ ಒಂದು ಇಟ್ಟಿಗೆ ಹಿಡಿದು ಬಂದ. ಅದರ ಬೆನ್ನಿಗೂ ಮೂವತ್ತೊಂದು ಎಂದು ಗೀಚಿತ್ತು.

"ನೀವು ಊಟಕ್ಕೆ ಹೋದಾಗ ಮಾಡ್ದೆ. ಬೇಡ ಅಂದ್ರೆ ಬಿಸಾಕಿ."

ಜಸೀಂತಾ ಅದನ್ನು ಜಾಗದಲ್ಲಿಟ್ಟಳು. ಅವನು ಕಣ್ಣನ್ನು ಕೊರೆದೇ ಇರಲಿಲ್ಲ. ಮೇಲಿನ ರೆಪ್ಪೆಯನ್ನಷ್ಟೇ ಓರೆಯಾಗಿ ಎಬ್ಬಿಸಿದ್ದ. ಅದರಡಿ ನೆರಳು ತಾನೇ ಬಿದ್ದು, ಹೇಸರಗತ್ತೆ ಒದೆಯಲು ಹವಣಿಸುವಂತೆ ಅವಳನ್ನೇ ನೋಡಿತು.

ಫೆಲಿಸ್ಮಿನಾ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. "ಅದೇ ಕಣ್ಣು ಕಣೋ. ನನ್ನ ಮಂಡಿ ಮುರಿಯೋ ಮುಂಚೆ ಹಿಂಗೇ ನೋಡಿತ್ತು."

"ಮೇಸ್ತ್ರಿ, ನಿಜ ಹೇಳಿ. ಬಾಯೂ ಸರಿಯಿಲ್ಲ ಅಲ್ವಾ?"

"ಬಾಯೂ ಸರಿಯಿಲ್ಲ, ಕಿವೀನೂ ಸರಿಯಿಲ್ಲ. ಬೇಜಾರು ಮಾಡ್ಕೋತೀರಿ ಅಂತ ಸುಮ್ನಿದ್ದೆ."

ಜಸೀಂತಾ ಮಣ್ಣಿನ ಗುಂಡಿಗೆ ಓಡಿ, ತಬ್ಬಿಕೊಳ್ಳುವಷ್ಟು ಹಸಿಮಣ್ಣು ತಂದು ಅವನ ಮುಂದಿನ ಹಲಗೆಯ ಮೇಲೆ ಧೊಪ್ಪೆಂದು ಹಾಕಿದಳು. "ತೋರಿಸಿ."

ಅವನು ಅಂಗಿಯ ತೋಳು ಮಡಿಸಿದ. ಇಬ್ಬರೂ ಹಲಗೆಯ ಮೇಲೆ ಬಗ್ಗಿದರು. ಮಧ್ಯಾಹ್ನ ಫೆಲಿಸ್ಮಿನಾ ಬೆಳ್ಳುಳ್ಳಿ ಸಾರು ಆರಿಹೋಗುತ್ತಿದೆಯೆಂದು ಎರಡು ಸಲ ಕೂಗಿದಳು. ಇಬ್ಬರೂ ಹಲಗೆ ಬಿಟ್ಟು ಏಳಲಿಲ್ಲ. ಮೂರನೆಯ ಸಲ ಬೈಯಲೆಂದು ತಾನೇ ಬಂದವಳು ಸೌಟು ಹಿಡಿದು ಸ್ವಲ್ಪ ಹೊತ್ತು ನೋಡುತ್ತ ನಿಂತಳು.

"ತುಟಿ ಇನ್ನೂ ಒಂಚೂರು ಸೊಟ್ಟ ಇರ್ಲಿ ಕಣೋ," ಎಂದಳು.