ಕಿವಿಯೊಳಗಿನ ಪೈರು

ಗಾಜಿನಾಚೆ ಕೂತು ಕಿವಿ ಪರೀಕ್ಷಿಸುತ್ತಿದ್ದ ಆಶಾರಾಣಿ ಮೇಡಂ ಅವರ ಬಲಭುಜ ಎಳ್ಳಷ್ಟು ಕುಸಿಯಿತು. ರಂಗರಾಜು ಥಟ್ಟನೆ ಕೈಯಲ್ಲಿದ್ದ ಗುಂಡಿ ಒತ್ತಿದ.

ಹೆಡ್‌ಫೋನಿನಲ್ಲಿ ಏನೂ ಕೇಳಿಸಿರಲಿಲ್ಲ. ಸದ್ದು ಕೇಳಿದಾಗ ಮಾತ್ರ ಒತ್ತಬೇಕೆಂದು ಮೇಡಂ ಹೇಳಿದ್ದರು. ಸದ್ದು ಕಳಿಸುವ ಅವರ ಕೈ ಮೆಷಿನ್ನಿನ ಮರೆಯಲ್ಲಿತ್ತು, ಭುಜಕ್ಕೆ ಮಾತ್ರ ಮರೆಯಿರಲಿಲ್ಲ. ಇಪ್ಪತ್ತು ವರ್ಷ ಲೊಕ್ಕನಹಳ್ಳಿಯ ಕಾಡಂಚಿನಲ್ಲಿ ಆನೆ ಕಾದ ಕಣ್ಣಿಗೆ ಅಷ್ಟು ಸಾಕು. ಕೊಳ್ಳೇಗಾಲದ ಈ ಆಸ್ಪತ್ರೆಯಿಂದ ಕಿವಿ ಸರಿಯಿದೆಯೆಂಬ ಸರ್ಟಿಫಿಕೇಟ್ ಒಯ್ಯದಿದ್ದರೆ ನಾಳೆಯಿಂದ ಕಾವಲಿನ ಕೆಲಸವಿಲ್ಲ. ಬೇರೆ ಕೆಲಸ ಅವನಿಗೆ ಬಾರದು. ಮತ್ತೆ ಭುಜ ಕುಸಿಯಿತು. ಮತ್ತೆ ಒತ್ತಿದ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ.

"ಪರವಾಗಿಲ್ವೇ!" ಗಾಜಿನ ಕೋಣೆಯಿಂದ ಹೊರಗೆ ಕರೆದು ಎದುರು ಕೂರಿಸಿಕೊಂಡು ಮೇಡಂ ಅಂದರು. "ಇಷ್ಟು ವರ್ಷ ಆನೆ ಓಡ್ಸೋಕೆ ಪಟಾಕಿ ಹೊಡ್ದಿದ್ದೀರಿ. ಆದ್ರೂ ಕಿವಿ ಉಳ್ದಿದೆ, ನಿಮ್ಮ ಪುಣ್ಯ."

"ನಂಗೇನಾಗ್ಯದೆ ಮೇಡಂ? ಇರುವೆ ನಡುದ್ರೂ ಕೇಳ್ತದೆ." ತುಟಿ ನೋಡಿಕೊಂಡು ಮಾತಾಡುವುದು ಅವನಿಗೆ ಎಂದೋ ರೂಢಿಯಾಗಿತ್ತು.

ಮೇಡಂ ನಗುತ್ತ ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಕಿವಿಯನ್ನು ಬಿಚ್ಚಿದರು. ಒಳಗೆ ಬಸವನಹುಳುವಿನ ಚಿಪ್ಪಿನಂಥ ಸುರುಳಿ. "ಇದ್ರೊಳಗೆ ನೀರಿರುತ್ತೆ. ಸದ್ದು ಬಂದ್ರೆ ನೀರು ಅಲ್ಲಾಡುತ್ತೆ, ಜೊತೆಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕೂದ್ಲು ಬಾಗ್ತವೆ, ಗಾಳಿಗೆ ರಾಗಿ ಪೈರು ಬಾಗಿದ ಹಾಗೆ. ಆ ಸುದ್ದಿ ನರದಲ್ಲಿ ಮಿದುಳಿಗೆ ಹೋಗುತ್ತೆ. ಕಿವಿ ಪಕ್ಕದಲ್ಲೇ ಪಟಾಕಿ ಸಿಡಿದ್ರೆ ಪೈರೊಳಗೆ ಆನೆ ನುಗ್ಗಿದ ಹಾಗೇ."

"ತಿರ್ಗ ಚಿಗುರಲ್ವಾ?"

"ಇಲ್ಲ. ಹೋದದ್ದು ಹೋದ ಹಾಗೇ. ಮೊದ್ಲು ಹೋಗೋದು ಸಣ್ಣ ಸದ್ದು. ತರಗೆಲೆ, ಕಡ್ಡಿ ಮುರಿಯೋದು, ಅಂಥವು."

ರಂಗರಾಜು ಬಾಗಿಲ ಕಡೆ ನೋಡಿದ. ಹೋದ ವಾರ ಹಳ್ಳದ ಬಳಿ ಜೊತೆಗಾರ ಮಾದಸ್ವಾಮಿ ಅವನ ತೋಳು ಹಿಡಿದೆಳೆದಿದ್ದ. ಪೊದೆಯಾಚೆ ಹತ್ತೇ ಮಾರು ದೂರದಲ್ಲಿ ಒಂಟಿ ಸಲಗ. ಕಡ್ಡಿ ಮುರಿದದ್ದು ಮಾದಸ್ವಾಮಿಗೆ ಕೇಳಿತ್ತು, ಇವನಿಗೆ ಕೇಳಿರಲಿಲ್ಲ. "ಅಷ್ಟತ್ರ ಬಂದ್ರೂ ಅಲ್ಲಾಡ್ನಿಲ್ವಲ್ಲೋ, ಗುಂಡ್ಗೆ ಕಣ್ಲಾ ನಿಂದು! ಬೆನ್ನಿಗೆ ನೀನಿದ್ರೆ ನಾನು ತಿರುಗಿ ನೋಡೋದೇ ಬ್ಯಾಡ" ಎಂದು ಹೊಗಳಿದ್ದ. ಇವನು ಆ ಹೊಗಳಿಕೆಯನ್ನು ನಾಚಿಕೆಯಿಲ್ಲದೆ ನುಂಗಿಕೊಂಡಿದ್ದ. ಕಾಡಿನಲ್ಲಿ ಮುಂದೆ ನಡೆಯುವವನ ಬೆನ್ನು ಕಾಯುವುದು ಹಿಂದಿನವನ ಕಿವಿ.

ತೆರೆದ ಬಾಗಿಲಾಚೆ ಮಾದಸ್ವಾಮಿ ಬೆಂಚಿನ ಮೇಲೆ ತೂಕಡಿಸುತ್ತಿದ್ದ. ಅವನ ಸರ್ಟಿಫಿಕೇಟ್ ಆಗಲೇ ಜೇಬು ಸೇರಿತ್ತು.

ಮೇಡಂ ಸಹಿ ಹಾಕಿ ಸೀಲು ಎತ್ತಿಕೊಂಡರು.

"ತಡೀರಿ ಮೇಡಂ." ರಂಗರಾಜು ಸೀಲಿಗೆ ಕೈ ಅಡ್ಡ ಹಿಡಿದ. "ನಾನು ಒತ್ತಿದ್ದು ಸದ್ದು ಕೇಳ್ಬುಟ್ಟಲ್ಲ. ನಿಮ್ ಭುಜ ನೋಡ್ಕಂಡು."

ಅವರು ಬಾಯಿ ತೆರೆಯುವಷ್ಟರಲ್ಲಿ ಅವನು ತಾನೇ ಗಾಜಿನ ಕೋಣೆಯೊಳಕ್ಕೆ ಹೋದ. ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿ ಕೂತ. ಹೆಡ್‌ಫೋನ್ ಹಾಕಿಕೊಂಡು ಗುಂಡಿಯ ಮೇಲೆ ಹೆಬ್ಬೆರಳಿಟ್ಟು ಕಾದ.

ಪರೀಕ್ಷೆ ಶುರುವಾಯಿತೋ ಇಲ್ಲವೋ, ಅವನಿಗೆ ತಿಳಿಯಲಿಲ್ಲ.