ಅಂಬಿಗ ಇನ್ನೂ ದಡದಲ್ಲಿದ್ದ ಪುಟ

ಶನಿವಾರ ಮಧ್ಯಾಹ್ನ ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಸೇರುತ್ತಿದ್ದ ಆ ನಾಲ್ಕಾರು ಮಂದಿಗೆ ಇದ್ದದ್ದು ಒಂದೇ ಕಟ್ಟುಪಾಡು: ಓದಿ ಮುಗಿಸಿದ ಪುಸ್ತಕದ ಮಾತು ಎತ್ತಕೂಡದು. ಮುಗಿಸಿದವರೆಲ್ಲ ನ್ಯಾಯಾಧೀಶರಾಗಿಬಿಡುತ್ತಾರೆ, ನಮಗೆ ಬೇಕಾದವರು ಇನ್ನೂ ದಾರಿಯಲ್ಲಿರುವವರು ಎಂದು ಲೈಬ್ರರಿ ಮೇಡಂ ಶುರುವಿನಲ್ಲೇ ಹೇಳಿದ್ದರು. ಹಾಗಾಗಿ ಸರದಿ ಬಂದವರು ಪುಸ್ತಕವನ್ನು ಎತ್ತಿ ಹಿಡಿದು, ಗುರುತಿಗಿಟ್ಟ ರಿಬ್ಬನ್ನೋ ಚೀಟಿಯೋ ಎಲ್ಲಿಗೆ ಬಂದಿದೆ ಎಂದು ತೋರಿಸಿ, ಆಮೇಲೆ ಬಾಯಿ ತೆರೆಯಬೇಕು. ಗುರುತಿನಿಂದಾಚೆಗಿನ ಕಥೆ ಗೊತ್ತಿದ್ದವರು ಬಾಯಿಗೆ ಬೀಗ ಹಾಕಿಕೊಳ್ಳಬೇಕು.

ಅಕ್ಕ ಇಲ್ಲಿಗೆ ಬರುತ್ತಿದ್ದದ್ದು ತಂಗಿಗೋಸ್ಕರ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಯುಷ್ಯವೆಲ್ಲ ಬೇರೆಯವರ ಮಾತು ಕೇಳಿಸಿಕೊಂಡೇ ನಿವೃತ್ತಳಾದವಳು ಅವಳು. ಪುಸ್ತಕದ ಗೀಳು ಅವಳಿಗಿರಲಿಲ್ಲ. ಗೀಳು ತಂಗಿಯದು. ಒಲೆಯ ಮೇಲಿಟ್ಟದ್ದು ಸೀದು ಹೊಗೆಯೆದ್ದರೂ ಪುಟದಿಂದ ತಲೆ ಎತ್ತದ ಹೆಣ್ಣು. ಗಂಡ ತೀರಿಕೊಂಡ ಮೇಲೆ ಅಕ್ಕನ ಮನೆಗೆ ಬರುವಾಗ ಬಟ್ಟೆಗಿಂತ ಪುಸ್ತಕವನ್ನೇ ಹೆಚ್ಚು ಹೊತ್ತು ತಂದಿದ್ದಳು. ಈಗ ಮರೆವಿನ ಕಾಯಿಲೆ ಅವಳನ್ನು ಒಳಗಿನಿಂದ ತಿನ್ನುತ್ತಿತ್ತು. ಡಾಕ್ಟರು ಹೇಳಿದ್ದನ್ನು ಅಕ್ಕ ಯಾರ ಮುಂದೆಯೂ ಆಡಿರಲಿಲ್ಲ. ತಂಗಿಗೆ ಸ್ವಂತ ಮಗನ ಹೆಸರು ತಪ್ಪುತ್ತಿತ್ತು, ಬಚ್ಚಲಮನೆಯ ಬಾಗಿಲು ಯಾವುದೆಂದು ತಿಳಿಯುತ್ತಿರಲಿಲ್ಲ. ಶನಿವಾರ ಬಂತೆಂಬುದು ಮಾತ್ರ ಯಾರೂ ಹೇಳದೆಯೇ ಹೇಗೋ ತಿಳಿದುಬಿಡುತ್ತಿತ್ತು. ಬೆಳಗ್ಗೆಯೇ ತಲೆ ಬಾಚಿ, ಚಪ್ಪಲಿ ಮೆಟ್ಟಿಕೊಂಡು, ಪುಸ್ತಕ ಮಡಿಲಲ್ಲಿಟ್ಟುಕೊಂಡು ಬಾಗಿಲ ಬಳಿ ಕೂತಿರುತ್ತಿದ್ದಳು. ಆ ಕೋಣೆಯವರೂ ಇವಳು ಸಾಕೆಂದುಬಿಟ್ಟರೆ ಇವಳಿಗೆ ಉಳಿಯುವುದೇನು? ಅಕ್ಕನಿಗೆ ಅದೊಂದೇ ಭಯ.

ತಂಗಿ ಓದುತ್ತಿದ್ದದ್ದು ಒಬ್ಬ ಅಂಬಿಗನ ಕಥೆ. ಬಹಳ ವಾರಗಳಿಂದ ಅದನ್ನೇ ಓದುತ್ತಿದ್ದಳು.

"ಮಹಾ ಪೋಲಿ ಇವನು!" ಎಂದು ಅಂದೂ ಶುರುಮಾಡಿದಳು. "ಒಬ್ಬಳು ಮುದುಕಿ ದೋಣಿ ಹತ್ತೋಕೆ ಹೆದರ್ಕೊಂಡು ದಡದಲ್ಲೇ ನಿಂತಿರ್ತಾಳೆ. ಇವನು ಏನಂತಾನೆ ಗೊತ್ತಾ? 'ನಿಮ್ಮ ಹೆದರಿಕೆಗೆ ಟಿಕೆಟ್ ಇಲ್ಲ ಅಜ್ಜಿ, ಅದನ್ನೂ ಹತ್ತಿಸ್ಕೊಳ್ಳಿ' ಅಂತಾನೆ!" ಹೇಳುತ್ತ ಹೇಳುತ್ತ ತಾನೇ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಉಳಿದವರೂ ನಕ್ಕರು.

ಹೊಸದಾಗಿ ಸೇರಿದ್ದ ನಿವೃತ್ತ ಮೇಷ್ಟ್ರು ನಗಲಿಲ್ಲ. "ಹೋದ ವಾರಾನೂ ಇದನ್ನೇ ಹೇಳಿದ್ರಲ್ಲಮ್ಮ. ಗುರುತು ಗೂಟ ಹೊಡ್ಕೊಂಡು ಅಲ್ಲೇ ಕೂತಿದೆ!"

ತಂಗಿ ರಿಬ್ಬನ್ನನ್ನೊಮ್ಮೆ, ಅಕ್ಕನನ್ನೊಮ್ಮೆ ನೋಡಿದಳು.

"ನಂದೂ ಅಲ್ಲೇ ಇದೆ ಮೇಷ್ಟ್ರೇ," ಎಂದರು ಟೈಲರ್ ಮಾಸ್ಟರು, ತಮ್ಮ ಪತ್ತೇದಾರಿ ಕಾದಂಬರಿಯನ್ನು ಆಡಿಸುತ್ತ. "ಕೊಲೆ ಮಾಡಿದೋನು ಯಾರು ಅಂತ ಗೊತ್ತಾಗ್ಬಿಟ್ರೆ ಆಮೇಲೆ ಮನೇಲಿ ಹೆಂಡ್ತಿ ಜೊತೆ ಏನು ಮಾತಾಡ್ಲಿ?"

ಮೇಡಂ ಎದ್ದು ಎಲ್ಲರಿಗಿಂತ ಮೊದಲು ತಂಗಿಯ ಕೈಗೆ ಚಹಾ ಕೊಟ್ಟರು, ಲೋಟ ಬಿಸಿಯೆಂದು ಅಡಿಗೆ ಕರವಸ್ತ್ರ ಮಡಚಿಟ್ಟು. ಆದರೆ ಅಕ್ಕನ ಮುಖದ ಉರಿ ಆರಲಿಲ್ಲ.

ಆ ವಾರ ಅಕ್ಕ ಒಂದು ಕೆಲಸ ಮಾಡಿದಳು. ತಂಗಿ ಊಟವಾಗಿ ಅಡ್ಡಾದಾಗಲೆಲ್ಲ ರಿಬ್ಬನ್ನನ್ನು ತೆಗೆದು ಇನ್ನಷ್ಟು ಮುಂದಕ್ಕೆ ಇಡುತ್ತ ಹೋದಳು. ಆ ಪುಟಗಳಲ್ಲಿ ಏನಿದೆಯೆಂದು ನೋಡಲಿಲ್ಲ. ಎಕ್ಸ್‌ಚೇಂಜಿನಲ್ಲಿ ತಂತಿ ತೆಗೆದು ಇನ್ನೊಂದು ತೂತಿಗೆ ಸಿಕ್ಕಿಸಿದಷ್ಟೇ ಸಲೀಸಾಗಿ ಮಾಡಿದಳು.

ಮುಂದಿನ ಶನಿವಾರ ತಂಗಿ ಪುಸ್ತಕ ಎತ್ತಿ ಹಿಡಿದಾಗ ರಿಬ್ಬನ್ ಮುಕ್ಕಾಲು ದಾಟಿತ್ತು.

"ಓಹೋ, ದೋಣಿ ಹೊರಟೇಬಿಡ್ತು!" ಎಂದರು ಮೇಷ್ಟ್ರು. ಹಿಂದಿನ ವಾರದ ಮಾತು ಅವರಿಗೂ ಚುಚ್ಚಿತ್ತೇನೋ, ದನಿಯಲ್ಲಿ ನಿಜವಾದ ಸಂತೋಷವಿತ್ತು. ಅಕ್ಕ ನೆಟ್ಟಗೆ ಕೂತಳು.

ತಂಗಿ ಪುಸ್ತಕವನ್ನು ಮಡಿಲಿಗೆ ಇಳಿಸಿದಳು. ತುಟಿ ಅದುರುತ್ತಿತ್ತು.

"ಸತ್ತೋದ," ಎಂದಳು.

"ಯಾರಮ್ಮಾ?" ಎಂದರು ಮೇಡಂ.

"ಹೊಳೆ ಎಳ್ಕೊಂಡು ಹೋಯ್ತಂತೆ. ಎಲ್ಲಾ ಅಳ್ತಾ ಕೂತಿದಾರೆ. ಮೊನ್ನೆ ಮೊನ್ನೆ ನಗ್ತಿದ್ನಲ್ಲ... ಕಾಯಿಲೆ ಇತ್ತಾ? ಯಾವಾಗ ಹೋದ?" ಅವಳು ಅಕ್ಕನ ತೋಳು ಹಿಡಿದುಕೊಂಡಳು. "ನಂಗೆ ಯಾಕೆ ಯಾರೂ ಹೇಳ್ಲಿಲ್ಲ ಅಕ್ಕಾ?"

ಹೆತ್ತವರನ್ನು ಕಳೆದುಕೊಂಡಾಗಲೂ ಅವಳು ಹೀಗೆ ಅತ್ತಿರಲಿಲ್ಲ.

"ರಿಬ್ಬನ್ ಸರಿಸಿದ್ದು ನಾನು," ಎಂದಳು ಅಕ್ಕ ಎಲ್ಲರ ಮುಂದೆ. "ಇವಳಿಗೆ ಏನೂ ನೆನಪಿರಲ್ಲ. ದಿನಾ ಅದೇ ಪುಟ ಓದ್ತಾಳೆ, ದಿನಾ ಹೊಸದಾಗಿ ನಗ್ತಾಳೆ. ನಿಮಗೆಲ್ಲಾ ಬೇಜಾರಾಗಿ ಇವಳನ್ನ ಬರಬೇಡ ಅಂದುಬಿಟ್ರೆ ಅಂತ..."

"ಯಾರಿಗೆ ಬೇಜಾರು?" ಎಂದರು ಟೈಲರ್ ಮಾಸ್ಟರು. "ಆ ಮುದುಕಿ ಕಥೆ ನನ್ನ ಹೆಂಡ್ತಿಗೂ ಬಾಯಿಪಾಠ ಆಗಿದೆ ಅಕ್ಕಾ. ಶನಿವಾರ ನಾನು ಮನೆಗೆ ಹೋದ ತಕ್ಷಣ, ಹತ್ತಿದ್ಲಾ ಅಂತ ಕೇಳ್ತಾಳೆ."

ಮೇಷ್ಟ್ರು ಕನ್ನಡಕ ತೆಗೆದು ಕೈಯಲ್ಲೇ ಹಿಡಿದು ಕೂತಿದ್ದರು. ಹೊರಡುವಾಗ ಅವರೇ ಬಗ್ಗಿ ತಂಗಿಯ ಚಪ್ಪಲಿಯ ಪಟ್ಟಿ ಸರಿಮಾಡಿದರು.

ಮನೆಗೆ ಬಂದವಳೇ ಅಕ್ಕ ರಿಬ್ಬನ್ನನ್ನು ಹಳೆಯ ಜಾಗಕ್ಕೆ, ಅಂಬಿಗ ದಡದಲ್ಲಿ ನಿಂತ ಪುಟಕ್ಕೆ ತಂದಿಟ್ಟಳು. ಮರೆತುಬಿಡುತ್ತಾಳೆ, ಈ ಹಾಳು ಕಾಯಿಲೆ ಇಷ್ಟಾದರೂ ಉಪಕಾರ ಮಾಡಲಿ ಎಂದುಕೊಂಡಳು.

ತಂಗಿ ಮರೆತಳು. ಹೊಳೆಯನ್ನು ಮರೆತಳು, ಸಾವನ್ನು ಮರೆತಳು. ದುಃಖ ಮಾತ್ರ ಹೋಗಲಿಲ್ಲ. ಯಾರದೆಂದು ಗೊತ್ತಿಲ್ಲದ ಸಾಮಾನಿನಂತೆ ಅದು ಅವಳೊಳಗೇ ಕೂತಿತು. ಅದೇ ಪುಟ ತೆರೆದಳು, ಅದೇ ಸಾಲಿನ ಮೇಲೆ ಬೆರಳಾಡಿಸಿದಳು, ನಗು ಬರಲಿಲ್ಲ. "ಈ ಹುಡುಗನ್ನ ನೋಡಿದ್ರೆ ಯಾಕೋ ಸಂಕಟ ಆಗತ್ತೆ," ಎಂದು ಮುಚ್ಚಿಟ್ಟಳು. ಅಕ್ಕ ಬೇರೆ ಪುಸ್ತಕ ಕೊಟ್ಟಳು. ಅದನ್ನು ತೆರೆಯಲೂ ಇಲ್ಲ.

ಶನಿವಾರ ಬಂದಾಗ ತಂಗಿ ಬಾಗಿಲ ಬಳಿ ಕೂತಿರಲಿಲ್ಲ. ಅಕ್ಕನೇ ತಲೆ ಬಾಚಿ, ಕೈಹಿಡಿದು ಕರೆದುಕೊಂಡು ಹೋದಳು.

ಅಂದು ಮೇಷ್ಟ್ರು ತಮ್ಮ ಸರದಿಯನ್ನೂ ಬಿಟ್ಟುಕೊಟ್ಟರು. "ಮೊದಲು ಆ ಅಂಬಿಗನ ಕಥೆ ಆಗ್ಲಿ ತಾಯಿ. ಆ ಮುದುಕಿ ಹತ್ತಿದ್ಲೋ ಇಲ್ವೋ?" ಎಲ್ಲರೂ ನಗಲು ಸಿದ್ಧರಾಗಿ ಕಾದರು.

ತಂಗಿ ಪುಸ್ತಕವನ್ನು ಎತ್ತಿ ಹಿಡಿಯಲಿಲ್ಲ.

"ನಮ್ಮ ಕಡೆ ಯಾರೋ ಹೋಗ್ಬಿಟ್ಟಿದಾರೆ," ಎಂದಳು ಮೆಲ್ಲಗೆ. "ಯಾರು ಅಂತ ಯಾರೂ ಹೇಳ್ತಿಲ್ಲ."

ಮೇಷ್ಟ್ರು ತಮ್ಮ ಪುಸ್ತಕ ಮುಚ್ಚಿದರು. ಅವರನ್ನು ನೋಡಿ ಉಳಿದವರೂ ಮುಚ್ಚಿದರು. ಸಾವಿನ ಮನೆಯಲ್ಲಿ ಕೂತಂತೆ ಎಲ್ಲರೂ ಅವಳ ಜೊತೆ ಸುಮ್ಮನೆ ಕೂತರು.

ತಂಗಿ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದಳು, ಇಲ್ಲದವರು ಯಾರೆಂದು ಹುಡುಕುವವಳಂತೆ. ಕೊನೆಗೆ ಅವಳ ಕಣ್ಣು ಪಕ್ಕದಲ್ಲೇ ಕೂತ ಅಕ್ಕನ ಮೇಲೆ ನಿಂತಿತು.

"ನೀವು ಸತ್ತೋದವರ ಕಡೆಯವರಾ?" ಎಂದು ತುಂಬ ಮರ್ಯಾದೆಯಿಂದ ಕೇಳಿದಳು.

"ಹೌದಮ್ಮಾ," ಎಂದಳು ಅಕ್ಕ.

ತಂಗಿ ಅವಳ ಕೈಯನ್ನು ತನ್ನ ಎರಡೂ ಕೈಗಳಲ್ಲಿ ತೆಗೆದುಕೊಂಡಳು. "ಧೈರ್ಯ ತಂದ್ಕೊಳ್ಳಿ," ಎಂದಳು.